ಎಣ್ಣೆಯ ಊರಿಗೆ ನೀರು ಕೇಳಿದ ವರ್ಷಗಳು

ನಮ್ಮೂರಿನವರ ಕೂಟಕ್ಕೆ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದ್ದು ಎಂಬತ್ತರ ದಶಕದ ಕೊನೆಯ ಒಂದು ಶುಕ್ರವಾರ, ಮಸ್ಕತ್ತಿನ ರೂವಿಯ ಫ್ಲ್ಯಾಟೊಂದರಲ್ಲಿ, ಊಟ ಮುಗಿದು ಕೈ ತೊಳೆಯುವ ಹೊತ್ತಿನಲ್ಲಿ. ರಜೆಗೆ ಹೋಗಿ ಬಂದವರೊಬ್ಬರು ಸುದ್ದಿ ತಂದಿದ್ದರು. ಕರಾವಳಿಯ ನಮ್ಮ ಊರಿನ ಬೈಲುಗದ್ದೆಗಳಲ್ಲಿ ಸರ್ವೆಯವರು ಕಲ್ಲು ನೆಟ್ಟಿದ್ದಾರೆ, ತೈಲ ಶುದ್ಧೀಕರಣದ ಕಾರ್ಖಾನೆ ಬರುತ್ತದಂತೆ, ಗದ್ದೆ, ಮನೆ, ದೈವಸ್ಥಾನ ಎಲ್ಲವೂ ಬೇಲಿಯೊಳಗೆ ಹೋಗುತ್ತವಂತೆ. ಎಲ್ಲರೂ ಒಟ್ಟಿಗೆ ಮಾತಾಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ನನ್ನ ಮುಖ ನೋಡಿದರು.

"ಇವರು ಎಣ್ಣೆ ಕಂಪನಿಯಲ್ಲೇ ಇರುವುದಲ್ವಾ? ಇವರೇ ಆಗ್ಲಿ."

ನಾನು ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್. ಮರಳುಗಾಡಿನ ಮೇಲೆ ಪೈಪು ಹೋಗುವ ದಾರಿಯನ್ನು ಕಾಗದದ ಮೇಲೆ ಗೆರೆ ಎಳೆಯುವುದು ನನ್ನ ಕೆಲಸ. ಎಣ್ಣೆಯ ಬಗ್ಗೆ ನನಗೆ ತಿಳಿದದ್ದು ಅಷ್ಟೇ. ಆದರೆ ಬೇಡ ಎನ್ನುವ ಮೊದಲೇ ಪಾಯಸ ಬಂತು, ವಿಷಯ ಅಲ್ಲಿಗೆ ಮುಗಿಯಿತು.

ನಮ್ಮ ಕೂಟಕ್ಕೆ ಹೆಸರಿರಲಿಲ್ಲ, ಬೋರ್ಡೂ ಇರಲಿಲ್ಲ. ಪರದೇಶದಲ್ಲಿ ಗುಂಪು ಕಟ್ಟಿ ರಾಜಕೀಯ ಮಾತಾಡುವುದು ವೀಸಾಕ್ಕೆ ಒಳ್ಳೆಯದಲ್ಲ ಎಂಬ ಭಯ ಎಲ್ಲರಿಗೂ ಇತ್ತು. ಹಾಗಾಗಿ ಯಾರದಾದರೂ ಮಗುವಿನ ಹುಟ್ಟುಹಬ್ಬವೆಂದು ಸೇರುತ್ತಿದ್ದೆವು. ಕೆಲವು ಮಕ್ಕಳು ವರ್ಷದಲ್ಲಿ ಎರಡೆರಡು ಸಲ ಕೇಕು ಕತ್ತರಿಸಿದರು. ಒಬ್ಬಳು ಹುಡುಗಿ ತನ್ನ ಸರಿಯಾದ ವಯಸ್ಸೇ ಮರೆತಿದ್ದಾಳೆ ಎಂದು ಅವಳ ತಾಯಿ ನಗುತ್ತಿದ್ದರು.

ಆ ಕೂಟಕ್ಕೆ ನಿಜವಾದ ಬೆನ್ನೆಲುಬು ಬಾಯಿ ಎಂಬ ಹೆಂಗಸು. ನಮ್ಮೂರಿನ ಕೊಂಕಣಿ ಕ್ರಿಶ್ಚಿಯನ್ ಮನೆಯವರು, ನನಗಿಂತ ಹಿರಿಯರು, ಮದುವೆಯಾಗಿರಲಿಲ್ಲ. ನಿಜ್ವಾದ ಆಸ್ಪತ್ರೆಯಲ್ಲಿ ನರ್ಸ್. ಕೊಂಕಣಿ ಹೆಂಗಸರನ್ನು ಊರಲ್ಲಿ ಗೌರವದಿಂದ ಕರೆಯುತ್ತಿದ್ದಂತೆ ಇಲ್ಲಿಯೂ ನಾವೆಲ್ಲ ಅವರನ್ನು ಬಾಯಿ ಎಂದೇ ಕರೆಯುತ್ತಿದ್ದೆವು. ರಜೆ ಸಿಕ್ಕಿದ ಶುಕ್ರವಾರ ಶೇರ್ ಟ್ಯಾಕ್ಸಿಯಲ್ಲಿ ಬೆಟ್ಟ ದಾಟಿ ಬರುತ್ತಿದ್ದರು, ಮುಖದ ಮೇಲೆ ದಾರಿಯ ಧೂಳು ಹಾಗೆಯೇ ಇರುತ್ತಿತ್ತು.

ಹುಡುಗರು ಕಾರ್ಖಾನೆಯನ್ನೇ ನಿಲ್ಲಿಸಬೇಕು ಎಂದು ಕೂಗಾಡಿದ ದಿನ ಬಾಯಿ ಹೇಳಿದರು: "ಅದು ನಮ್ಮಿಂದ ಆಗುವ ಕೆಲಸ ಅಲ್ಲ ಮಾರಾಯ್ರೆ. ಮನೆ ಬಿಟ್ಟು ಹೋಗುವವರಿಗೆ ಎಂತ ಬೇಕು, ಅದನ್ನಾದರೂ ಸರಿಯಾಗಿ ಕೇಳುವಾ."

ಹಾಗೆ ನಮ್ಮ ಬೇಡಿಕೆ ನಿಶ್ಚಯವಾಯಿತು. ಮನೆಗೊಂದು ಕೆಲಸ, ದೈವಕ್ಕೆ ಜಾಗ, ಹೊಸ ನೆಲೆಯಾಗಲಿದ್ದ ಪದವಿನಲ್ಲಿ, ಅಂದರೆ ಗುಡ್ಡದ ಮೇಲಿನ ಬೋಳು ಬಯಲಿನಲ್ಲಿ, ಕುಡಿಯುವ ನೀರು.

ಸ್ವಲ್ಪ ಸಮಯದ ನಂತರ ನಮ್ಮ ರಾಜ್ಯದ ಮಂತ್ರಿಯೊಬ್ಬರು ಮಸ್ಕತ್ತಿಗೆ ಬಂದರು. ಖುರುಮ್‌ನ ಹೋಟೆಲಿನಲ್ಲಿ ಅವರಿಗೆ ಔತಣ. ವ್ಯಾಪಾರಿಗಳು ಏರ್ಪಡಿಸಿದ್ದ ಆ ಕಾರ್ಯಕ್ರಮದಲ್ಲಿ ಯಾರನ್ನೋ ಕಾಡಿಬೇಡಿ ನನಗೂ ಬಾಯಿಗೂ ಮಂತ್ರಿಯ ಹತ್ತಿರ ನಿಲ್ಲುವ ಅವಕಾಶ ಮಾಡಿಕೊಂಡೆವು. ನಾನು ಇಸ್ತ್ರಿ ಮಾಡಿದ ಸೂಟಿನೊಳಗೆ ಬೆವರುತ್ತ, ಕಂಠಪಾಠ ಮಾಡಿದ್ದನ್ನು ಒಪ್ಪಿಸಿದೆ. ಅವರು ಗೋಡಂಬಿ ಅಗಿಯುತ್ತ ಕೇಳಿದರು. ನಂತರ ನಕ್ಕರು.

"ಅಲ್ರೀ, ನೀವು ಇಲ್ಲಿ ಎಣ್ಣೆಯ ಅನ್ನ ಉಣ್ಣುತ್ತೀರಿ. ನಮ್ಮ ನಾಡಿಗೆ ಎಣ್ಣೆ ಬಂದರೆ ಬೇಡ ಅಂತೀರಿ. ಇದು ಯಾವ ನ್ಯಾಯ?"

ಸುತ್ತ ಇದ್ದವರೂ ನಕ್ಕರು. ಬಾಯಿ ಮಾತ್ರ ನಗಲಿಲ್ಲ.

"ಬೇಡ ಅಂತ ನಾವು ಹೇಳಲಿಲ್ಲ ಸರ್. ಜನರನ್ನು ಕಳಿಸುವ ಪದವಿನಲ್ಲಿ ನೀರು ಉಂಟಾ ಅಂತ ಕೇಳಿದ್ದು."

"ನೋಡೋಣಮ್ಮ, ನೋಡೋಣ," ಎಂದು ಮಂತ್ರಿ ಊಟದ ಮೇಜಿನ ಕಡೆ ತಿರುಗಿದರು. ನಾವೂ ತಟ್ಟೆ ಹಿಡಿದು ಸಾಲಿನಲ್ಲಿ ನಿಂತೆವು. ಬೇರೆ ಏನು ಮಾಡುವುದು?

ಆ ಮಾತು ಹೇಗೋ ಆಫೀಸಿಗೆ ತಲುಪಿತು. ನಮ್ಮ ವಿಭಾಗದ ಮುಖ್ಯಸ್ಥರು ಒಮಾನಿ, ನಿಜ್ವಾ ಕಡೆಯ ಖರ್ಜೂರದ ತೋಟದವರು. ಬಾಗಿಲು ಹಾಕಿಸಿ, ಕಾವಾ ಎಂಬ ಅರಬರ ಕಾಫಿ ಕೊಟ್ಟು, ಬೊಂಬಾಯಿಯಲ್ಲಿ ಕಲಿತ ಹಿಂದಿಯಲ್ಲಿ ಕೇಳಿದರು, ನೀನು ರಾಜಕೀಯ ಮಾಡುತ್ತಿದ್ದೀಯಂತೆ, ಹೌದಾ? ಕೆಲಸ ಹೋಯಿತೆಂದೇ ನಾನು ಭಾವಿಸಿದೆ. ಇದ್ದದ್ದನ್ನು ಇದ್ದಂತೆ ಹೇಳಿದೆ. ನೀರಿನ ವಿಷಯ ಬಂದಾಗ ಅವರು ಲೋಟ ಕೆಳಗಿಟ್ಟರು. ಅವರ ಊರಿನಲ್ಲಿ ಕಾಲುವೆಯ ನೀರನ್ನು ಯಾವ ತೋಟಕ್ಕೆ ಎಷ್ಟು ಹೊತ್ತು ಬಿಡಬೇಕೆಂಬುದನ್ನು ಹಿರಿಯರು ತೀರ್ಮಾನಿಸುತ್ತಾರಂತೆ, ಅದರಲ್ಲಿ ಮೋಸ ಮಾಡಿದವನ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲವಂತೆ.

"ನೀರಿನದ್ದಾದರೆ ಬಿಡಬೇಡ. ಆದರೆ ಇಲ್ಲಿ ಮಾತಾಡಬೇಡ. ರಜೆ ಕೊಡುತ್ತೇನೆ, ನಿನ್ನ ಊರಿಗೆ ಹೋಗಿ ಮಾತಾಡು. ಇಲ್ಲಿ ಖಲಾಸ್."

ನಾನು ಊರಿಗೆ ಹೋಗುವಷ್ಟರಲ್ಲಿ ಬೈಲಿನಲ್ಲಿ ಬುಲ್ಡೋಜರುಗಳು ಓಡಾಡುತ್ತಿದ್ದವು. ಜನರನ್ನು ಪದವಿನ ಮೇಲೆ, ಮುರಕಲ್ಲಿನ ಬೋಳು ಗುಡ್ಡದಲ್ಲಿ ಸಾಲುಮನೆ ಕಟ್ಟಿಕೊಳ್ಳಲು ಬಿಟ್ಟಿದ್ದರು. ತೋಡಿದ ಬಾವಿಗಳ ತಳದಲ್ಲಿ ಕೆಂಪು ಕಲ್ಲು ಬಿಟ್ಟರೆ ಬೇರೇನೂ ಇಲ್ಲ. ಜೀವನವಿಡೀ ಅಂಗಳದ ಬಾವಿಯಿಂದ ನೀರು ಸೇದಿದ ಹೆಂಗಸರು ಲಾರಿಯ ನೀರಿಗೆ ಕೊಡಪಾನ ಹಿಡಿದು ಕಾದು ಕೂತಿದ್ದರು.

ನನ್ನ ಚಿಕ್ಕಪ್ಪನ ಮಗ ಅಲ್ಲೇ ಇದ್ದ. ಜಿಲ್ಲಾಧಿಕಾರಿಗಳ ಕಚೇರಿಗೆ ಒಟ್ಟಾಗಿ ಹೋಗೋಣ ಎಂದು ನಾನು ಅಂದದ್ದೇ ತಡ, ಅವನು ಸಿಟ್ಟಾದ.

"ಅಣ್ಣ, ನೀನು ಗಲ್ಫಿನಲ್ಲಿ ಕೂತು ನ್ಯಾಯ ಮಾತಾಡ್ತಿ. ನಾಳೆ ನೀನು ವಿಮಾನ ಹತ್ತುವವ. ಕೂಗಿದವರ ಹೆಸರು ಕಾರ್ಖಾನೆಯವರು ಬರೆದುಕೊಳ್ತಾರೆ. ಮತ್ತೆ ಕೆಲಸ ಕೊಡುವುದು ಯಾರಿಗೆ?"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೂ ನಾಲ್ಕಾರು ಜನ ನನ್ನೊಡನೆ ಬಂದರು. ಕಚೇರಿಯಲ್ಲಿ ನಮ್ಮನ್ನು ಗೌರವದಿಂದಲೇ ಕೂರಿಸಿದರು, ಫೈಲು ಬೆಂಗಳೂರಿನಲ್ಲಿದೆ ಎಂದರು. ಬೆಂಗಳೂರಿಗೆ ಹೋದೆವು. ಅಲ್ಲಿ ಫೈಲು ಜಿಲ್ಲೆಗೆ ಹೋಗಿದೆ ಎಂದರು. ನನ್ನ ರಜೆ ಮುಗಿಯಿತು.

ಮಸ್ಕತ್ತಿಗೆ ಮರಳಿ ಇದನ್ನೆಲ್ಲ ಹೇಳಿದಾಗ ಬಾಯಿ ಎದ್ದು ಬಾಲ್ಕನಿಗೆ ಹೋದರು. ಅಲ್ಲಿ ಒಣಹಾಕಿದ್ದ ಬಟ್ಟೆಗಳ ನಡುವೆ ನಿಂತು, ಕೆಳಗೆ ಹೋಗುವ ಕಾರುಗಳನ್ನು ನೋಡುತ್ತಿದ್ದರು.

"ಫೈಲಿನ ಹಿಂದೆ ದಿನಾ ಓಡುವವರು ಒಬ್ಬರು ಬೇಕು. ರಜೆಯಲ್ಲಿ ಆಗುವ ಕೆಲಸ ಅಲ್ಲ ಇದು. ನಾನು ಹೋಗ್ತೇನೆ."

"ಬಾಯಿ, ನಿಮ್ಮ ಕೆಲಸ?"

"ಎಷ್ಟು ವರ್ಷ ಅಂತ ಇಂಜೆಕ್ಷನ್ ಕೊಡುವುದು? ಕೈ ನೋಯ್ತದೆ."

ಹೀಗೆ ಒಂದು ಮಾತಿನಲ್ಲಿ ಹೇಳಿದರೂ ಅದು ಸುಲಭವಾಗಿರಲಿಲ್ಲ ಎಂದು ನನಗೆ ಗೊತ್ತು. ಏರ್‌ಪೋರ್ಟಿನಲ್ಲಿ ಅವರು ನನ್ನ ಹೆಂಡತಿಯ ಕೈ ಹಿಡಿದುಕೊಂಡು, ಬಿಡಲು ತುಂಬ ಹೊತ್ತು ತೆಗೆದುಕೊಂಡರು.

ನಂತರದ ವರ್ಷಗಳು ನನಗೆ ಒಂದೇ ಉದ್ದನೆಯ ಶುಕ್ರವಾರದಂತೆ ನೆನಪಾಗುತ್ತವೆ. ಬಾಯಿ ಪದವಿನ ಕೆಳಗಿನ ಎಸ್‌ಟಿಡಿ ಬೂತಿನಿಂದ ಫೋನು ಮಾಡುವರು. ನಾನು ಅವರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದು, ಅಧಿಕಾರಿಗಳಿಗೆ, ಪತ್ರಿಕೆಗಳಿಗೆ ಫ್ಯಾಕ್ಸ್ ಮಾಡುವೆ. ಒಬ್ಬ ಅಧಿಕಾರಿಗೆ ವಿಷಯ ಅರ್ಥವಾಗುವ ಹೊತ್ತಿಗೆ ಅವರಿಗೆ ವರ್ಗವಾಗುತ್ತಿತ್ತು, ಹೊಸಬರಿಗೆ ಮೊದಲಿನಿಂದ ಹೇಳಬೇಕು. ಕೂಟಕ್ಕೆ ಬರುವವರು ಕಡಿಮೆಯಾದರು. ಕೆಲವರು ಬೇರೆ ಕೆಲಸ ಹಿಡಿದು ಸೊಹಾರ್‌ಗೆ ಹೋದರು, ಕೆಲವರು ಊರಿಗೇ ಮರಳಿದರು, ಉಳಿದವರಿಗೆ ಬೇಸರ ಬಂತು. ಒಮ್ಮೆ ನಾನು ಮಾತು ಶುರುಮಾಡುತ್ತಿದ್ದಂತೆ ನನ್ನ ಮಗಳೇ ಇಂಗ್ಲಿಷಿನಲ್ಲಿ, "ಪಪ್ಪಾ, ನಾಟ್ ಎಗೇನ್," ಎಂದಳು. ಎಲ್ಲರೂ ನಕ್ಕರು. ನನಗೂ ಹಾಗೇ ಅನ್ನಿಸುತ್ತಿತ್ತು. ಅಧ್ಯಕ್ಷಗಿರಿ ಬೇರೆಯವರು ತೆಗೆದುಕೊಳ್ಳಿ ಎಂದರೆ ಎಲ್ಲರಿಗೂ ಡ್ಯೂಟಿ ನೆನಪಾಗುತ್ತಿತ್ತು.

ದೈವಸ್ಥಾನಕ್ಕೆ ಜಾಗ ಸಿಕ್ಕಿತು, ದೈವದ ಕೋಪವೆಂದರೆ ಅಧಿಕಾರಿಗಳಿಗೂ ಭಯವಿತ್ತು. ಕೆಲಸ ಮನೆಗೊಂದು ಸಿಗಲಿಲ್ಲ. ಸಿಕ್ಕಿದ್ದರಲ್ಲಿಯೂ ಹೆಚ್ಚಿನದು ಕಂಟ್ರಾಕ್ಟಿನ ಕೆಲಸ. ಚಿಕ್ಕಪ್ಪನ ಮಗನಿಗೆ ಗೇಟಿನಲ್ಲಿ ಕಾವಲುಗಾರನ ಕೆಲಸವಾಯಿತು. ಮತ್ತೊಂದು ರಜೆಯಲ್ಲಿ ಅವನನ್ನು ನೋಡಲು ಹೋದೆ. ಖಾಕಿಯಲ್ಲಿ ಎತ್ತರವಾಗಿ, ಚೆನ್ನಾಗಿ ಕಾಣುತ್ತಿದ್ದ. ನಮ್ಮ ಗದ್ದೆಗಳಿದ್ದ ಕಡೆ ಬಿಳಿಯ ದೊಡ್ಡ ಟ್ಯಾಂಕುಗಳು ನಿಂತಿದ್ದವು, ಅಂಥದ್ದನ್ನು ನಾನು ಕಾಗದದ ಮೇಲೆ ಎಷ್ಟೋ ಬರೆದಿದ್ದೆ. ಅವನು ಆಚೀಚೆ ನೋಡಿ ಹತ್ತಿರ ಬಂದ.

"ಅಣ್ಣ, ಬೇಜಾರು ಮಾಡಬೇಡ. ಇಲ್ಲಿಗೆ ಬರಬೇಡ. ನೀನು ಯಾರೂಂತ ಇವರಿಗೆ ಗೊತ್ತುಂಟು."

"ಆಯ್ತು," ಎಂದೆ. "ಚಿಕ್ಕಮ್ಮ ಹೇಗಿದ್ದಾರೆ?"

"ಇದ್ದಾರೆ, ಹಾಗೇ," ಎಂದು ಅವನು ಒಂದು ಲಾರಿಗೆ ಗೇಟು ತೆರೆಯಲು ಹೋದ. ನಾನು ಬಸ್ಸಿಗೆ ಕಾಯುತ್ತ ನಿಂತೆ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಒಳ್ಳೆಯದಿತ್ತೇನೋ.

ನೀರು ಬಂದದ್ದು ಅದರ ಮರುವರ್ಷ. ದೂರದ ನದಿಯಿಂದ ಪೈಪು ಎಳೆದು, ಪದವಿನ ಮೇಲೆ ಟ್ಯಾಂಕು ಕಟ್ಟಿ, ಸಾಲುಮನೆಗಳಿಗೆ ನಳ್ಳಿ ಕೊಟ್ಟರು. ಉದ್ಘಾಟನೆಗೆ ಯಾರೋ ಬಂದು ಭಾಷಣ ಮಾಡಿದರಂತೆ. ಬಾಯಿಯನ್ನು ವೇದಿಕೆಗೆ ಕರೆಯಲಿಲ್ಲವಂತೆ, ಅವರು ಹಿಂದಿನ ಕುರ್ಚಿಯಲ್ಲಿ ಕೂತು ನೋಡಿ ಬಂದರಂತೆ. ಇದನ್ನೆಲ್ಲ ಅವರೇ ಫೋನಿನಲ್ಲಿ ಹೇಳಿದರು. ಸ್ವರದಲ್ಲಿ ದೂರು ಇರಲಿಲ್ಲ, ದಣಿವು ಇತ್ತು.

"ದಿನ ಬಿಟ್ಟು ದಿನ ಬಿಡ್ತಾರೆ. ಆದ್ರೂ ಒಳ್ಳೆ ನೀರು. ನಾನು ಕುಡಿದು ನೋಡಿದೆ."

"ಇನ್ನು ನೀವು ಸ್ವಲ್ಪ ವಿಶ್ರಾಂತಿ ತಗೊಳ್ಳಿ ಬಾಯಿ."

"ನೀವೂ," ಎಂದರು.

ಫೋನು ಇಟ್ಟ ಮೇಲೆ ಹೆಂಡತಿಗೆ ವಿಷಯ ತಿಳಿಸಿದೆ. ಅವಳು ಕೈಯಲ್ಲಿದ್ದ ಸೌಟು ಹಿಡಿದುಕೊಂಡೇ ಬಂದು ನನ್ನ ಪಕ್ಕ ಕೂತಳು. ಯಾರಿಗಾದರೂ ಹೇಳಬೇಕಲ್ಲ ಎಂದಳು. ಹೇಳೋಣ, ಒಂದು ಗಳಿಗೆ ಇರು ಎಂದು ಚಾಪೆಯ ಮೇಲೆ ಅಡ್ಡಾದೆ. ಎಸಿಯ ಸದ್ದು ಕೇಳುತ್ತ ಕೇಳುತ್ತ, ಎಷ್ಟೋ ವರ್ಷಗಳಿಂದ ಬಾರದಂಥ ನಿದ್ದೆ ಹತ್ತಿತು. ಇಳಿಹೊತ್ತಿನ ಅಸರ್ ನಮಾಜಿನ ಬಾಂಗಿಗೂ ಎಚ್ಚರವಾಗಲಿಲ್ಲ. ಮಧ್ಯದಲ್ಲಿ ಕೂಟದವರು ಯಾರೋ ಬಾಗಿಲು ತಟ್ಟಿದರಂತೆ, ಹೆಂಡತಿ ಮೆಲ್ಲಗೆ ತೆರೆದು, ಅವರು ಮಲಗಿದ್ದಾರೆ, ಇವತ್ತು ಎಬ್ಬಿಸುವುದಿಲ್ಲ ಎಂದು ಹೇಳಿ ಕಳಿಸಿದಳಂತೆ.