ಬ್ಯಾನ್ಫ್‌ಶೈರಿನ ಮೊಮ್ಮಗ

"ಮೂರನೇ ಮಹಡಿಯ ಮಥಾಯಸರ ಹತ್ತಿರ ಊರು ಯಾವುದು ಅಂತ ಮಾತ್ರ ಕೇಳಬೇಡಿ, ಕೇಳಿದರೆ ನಿಮ್ಮ ಮನೆಯ ಅನ್ನ ತಣ್ಣಗಾಗ್ತದೆ." ಜೆದ್ದಾದ ಅಜೀಜಿಯಾದ ಆ ಕಟ್ಟಡದಲ್ಲಿ ಹೊಸಬರಿಗೆ ಸಿಗುತ್ತಿದ್ದ ಮೊದಲ ಬುದ್ಧಿಮಾತು ಇದು. ಎದುರು ಮನೆಯ ಇದಿನಬ್ಬ ಇನ್ನೂ ಒಂದು ಹೆಜ್ಜೆ ಮುಂದೆ. "ನಮ್ಮ ಪೊರ್ಬುಗಳಿಗೆ ಬಂಗುಡೆ ಸಾರು ಬಡಿಸಿದರೂ ಸ್ಕಾಟ್ಲೆಂಡಿನ ಮೀನೇ ನೆನಪಾಗುದು ಮಾರಾಯ್ರೆ" ಎನ್ನುತ್ತಿದ್ದರು, ಕರಾವಳಿಯ ಕೊಂಕಣಿ ಕ್ರೈಸ್ತರನ್ನು ಪೊರ್ಬುಗಳೆಂದು ಕರೆಯುವ ರೂಢಿಯಂತೆ. ನಗುತ್ತಿದ್ದರು ನಿಜ, ಆದರೆ ಕೂತು ಕೇಳುತ್ತಲೂ ಇದ್ದರು.

ಸ್ಕಾಟ್ಲೆಂಡಿನ ಬಡಗಣ ಕಡಲಂಚಿಗೆ ಬ್ಯಾನ್ಫ್‌ಶೈರ್ ಎಂಬ ಕೌಂಟಿ, ನಮ್ಮ ಜಿಲ್ಲೆ ಇದ್ದ ಹಾಗೆ. ಕಲ್ಲೆನ್, ಪೋರ್ಟ್‌ಸಾಯ್, ಬಕ್ಕಿ ಎಂದು ಮೀನುಗಾರರ ಊರುಗಳು. ಕಥೋಲಿಕರಿಗೆ ಪೂಜೆ ನಿಷಿದ್ಧವಾಗಿದ್ದ ಕಾಲದಲ್ಲಿ ಅಲ್ಲಿಯವರು ಟೈನೆಟ್ ಎಂಬಲ್ಲಿ ಕುರಿಹಟ್ಟಿಯ ಹಾಗೆ ಕಾಣುವ ಇಗರ್ಜಿ ಕಟ್ಟಿಕೊಂಡರು. ಈ ಭಾಗ ಬಂದಾಗ ಮಥಾಯಸ್ ದನಿ ತಗ್ಗಿಸುತ್ತಿದ್ದರು, ಹೆಂಡತಿ ಐಡಾ ಎದ್ದು ಕಿಟಕಿಯ ಪರದೆ ಎಳೆಯುತ್ತಿದ್ದಳು; ಜೆದ್ದಾದಲ್ಲೂ ಇಗರ್ಜಿಗೆ ಅಪ್ಪಣೆಯಿಲ್ಲ.

ಆ ಸೀಮೆಯಿಂದ ಅಲೆಕ್ಸಾಂಡರ್ ಫಿಂಡ್ಲೇ ಎಂಬ ಕಥೋಲಿಕ ದೊರೆ ಕೊಡಗಿಗೆ ಬಂದು ಕಾಫಿ ತೋಟ ಮಾಡಿದ. ಮಥಾಯಸರ ಮುತ್ತಜ್ಜ ಆ ತೋಟದ ಗುಮಾಸ್ತ. ಮುತ್ತಜ್ಜನ ಹಿರಿಮಗನ, ಅಂದರೆ ಮಥಾಯಸರ ಅಜ್ಜನ, ಹೆಸರು ಅಲೆಕ್ಸಾಂಡರ್. ನಮ್ಮ ಕ್ರೈಸ್ತರಲ್ಲಿ ಹಿರಿಮಗನಿಗೆ ಇಡುವುದು ತಂದೆಯ ತಂದೆಯ ಹೆಸರನ್ನೇ ಅಲ್ಲವೇ? ಹಾಗಾದರೆ ಮುತ್ತಜ್ಜನನ್ನು ಹುಟ್ಟಿಸಿದವನು ಆ ದೊರೆಯೇ ಅಲ್ಲದೆ ಮತ್ತೆ ಯಾರು? ಬ್ಯಾನ್ಫ್‌ಶೈರಿನಲ್ಲೂ ಇದೇ ಪದ್ಧತಿ ಎಂದು ಓದಿದ ದಿನ ಮಥಾಯಸ್ ಊಟ ಮರೆತರು.

ಕಟ್ಟಡ ಕಂಪೆನಿಯೊಂದರಲ್ಲಿ ಮೂವತ್ತೊಂದು ವರ್ಷ ನಕ್ಷೆ, ಕಾಗದಪತ್ರ ಕಾದ ಮನುಷ್ಯ ಅವರು. ಮೂಲಪ್ರತಿ ನೋಡದೆ ನಕಲಿಗೆ ಮೊಹರು ಒತ್ತಿದವರಲ್ಲ. ತನ್ನ ಅಜ್ಜನ ವಿಷಯದಲ್ಲಿ ಮಾತ್ರ ಕೊಡಗಿನ ಇಗರ್ಜಿಯ ದಫ್ತರ ತೆಗೆಸಿ ನೋಡಲಿಲ್ಲ. ಹೆಸರೇ ಸಾಕ್ಷಿ ಹೇಳುತ್ತಿರುವಾಗ ದಫ್ತರ ಯಾಕೆ?

ಹನ್ನೆರಡು ವರ್ಷದ ಹಿಂದೆ ಕರಾವಳಿಯ ಕಿನ್ನಿಗೋಳಿಯಲ್ಲಿದ್ದ ಹಿರಿಯರ ಮನೆಯ ಪಾಲಿನ ಮಾತು ಬಂತು. ತಮ್ಮ ಕ್ರಿಸ್ಟೋಫರ್ ಎಲ್ಲರೆದುರು, "ದೊರೆಯ ಮೊಮ್ಮಗನಿಗೆ ಹಂಚಿನ ಮನೆ ಎಂತಕ್ಕೆ?" ಎಂದು ಕುಟುಕಿದ. ಮಥಾಯಸ್ ಪೆನ್ನು ಕೇಳಿ ಪಡೆದು, ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿದರು. ಆ ದಿನ ಐಡಾ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ.

ಈಗ ಅರುವತ್ತು ದಾಟಿತು. ಇಕಾಮಾ, ಇಲ್ಲಿ ಇರುವ ಪರವಾನಗಿ, ನವೀಕರಿಸುವುದಿಲ್ಲ, ಊರಿಗೆ ಹೊರಡಿ ಎಂದಿತು ಕಂಪೆನಿ. ಊರು? ಮಥಾಯಸ್ ಬ್ಯಾನ್ಫ್‌ಶೈರಿನ ಮನೆತನಗಳ ಚರಿತ್ರೆ ಕೂಡಿಡುವ ಸಂಘವೊಂದಕ್ಕೆ ಬರೆದರು. ಅಲ್ಲಿನ ಮುದುಕಿಯೊಬ್ಬಳು ಬಹಳ ಪ್ರೀತಿಯಿಂದ ಉತ್ತರ ಕೊಟ್ಟಳು. ಆಡಳಿತದ ಲೆಕ್ಕದಲ್ಲಿ ಆ ಕೌಂಟಿ ೧೯೭೫ರಲ್ಲೇ ಮುಗಿದಿದೆ, ನೆನಪು ಹಿಡಿದುಕೊಂಡವರು ನಾವು ಕೆಲವರಿದ್ದೇವೆ, ನಿಮ್ಮ ಅಜ್ಜನ ಜ್ಞಾನಸ್ನಾನದ ದಾಖಲೆ ಕಳಿಸಿದರೆ ಫಿಂಡ್ಲೇ ಮನೆಯವರಿಗೆ ತೋರಿಸುತ್ತೇನೆ ಎಂದು. ಅಲ್ಲಿ ಒಂದು ಬಾಗಿಲಾದರೂ ತೆರೆದೀತೆಂದು ಮಥಾಯಸ್ ನಾಚಿಕೆ ಬಿಟ್ಟು ತಮ್ಮನನ್ನೇ ಕೊಡಗಿಗೆ ಕಳಿಸಿದರು.

ಶುಕ್ರವಾರ ಮಧ್ಯಾಹ್ನ ಫೋನಿಗೆ ಎರಡು ಚಿತ್ರ ಬಂದವು. ಹಿಂದೆಯೇ ಕ್ರಿಸ್ಟೋಫರನ ಕರೆ.

"ಅಣ್ಣ, ಅಜ್ಜನಿಗಿಂತ ಮೊದಲು ಒಂದು ಮಗು ಇತ್ತು. ಆ ಪುಟ ಮೊದಲು ನೋಡು."

ಮಗುವಿನ ಹೆಸರು ಪಾಸ್ಕಲ್. ತಂದೆಯ ತಂದೆಯ ಹೆಸರಿನ ಜಾಗದಲ್ಲೂ ಅದೇ: ಕಿನ್ನಿಗೋಳಿಯ ಪಾಸ್ಕಲ್. ಮಗು ಬದುಕಿದ್ದು ಹನ್ನೊಂದು ದಿನ.

"ಸತ್ತ ಮಗುವಿನ ಹೆಸರು ಮತ್ತೆ ಇಡ್ಲಿಕ್ಕೆ ಹೆದರಿದ್ದಾರೆ," ಕ್ರಿಸ್ಟೋಫರ್ ಹೇಳಿದ. "ಎರಡನೇದಕ್ಕೆ ಜ್ಞಾನಸ್ನಾನದಲ್ಲಿ ಎತ್ತಿಕೊಂಡ ತೋಟದ ಧಣಿಯ ಹೆಸರಿಟ್ಟರು. ಅಷ್ಟೇ. ರಕ್ತ ಗಿಕ್ತ ಎಂತದ್ದೂ ಇಲ್ಲ."

ಮಥಾಯಸ್ ಎರಡೂ ಪುಟ ದೊಡ್ಡದು ಮಾಡಿ ನೋಡಿದರು. ಅಕ್ಷರ ಮುತ್ತಿನಂತಿತ್ತು. ಸಂಶಯಕ್ಕೆ ಒಂದು ಮಸಿಯ ಕಲೆಯೂ ಇರಲಿಲ್ಲ.

"ಕ್ರಿಸ್ಟೋಫರ್," ಎಂದರು, "ಮನೆಯಲ್ಲಿ ಒಂದು ಕೋಣೆ..."

"ಮಗ ಟ್ರೆವರ್ ಮನೆ ಒಡೆಸಿದ್ದಾನಲ್ಲ ಅಣ್ಣ, ಹೊಸತು ಕಟ್ಟಿಸ್ಲಿಕ್ಕೆ. ನಾವೇ ಬಾಡಿಗೆಗಿದ್ದೇವೆ. ನಾಲ್ಕು ದಿನಕ್ಕೆ ಬಾ, ಬೇಡ ಅನ್ನುದಿಲ್ಲ. ಇರ್ಲಿಕ್ಕೆ ಅಂದ್ರೆ ಅವನು ಒಪ್ಪಬೇಕಲ್ಲ."

ಐಡಾ ಎಲ್ಲವನ್ನೂ ಕೇಳಿಸಿಕೊಂಡಳು. ಬೈಯುತ್ತಾಳೆ ಎಂದು ಮಥಾಯಸ್ ಕಾದರು. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ. ಅವಳು ಪಾತ್ರೆಗಳನ್ನು ಹಳೆಯ ಸೀರೆಯಲ್ಲಿ ಸುತ್ತತೊಡಗಿದಳು. ಮುದುಕಿಯ ಪತ್ರಕ್ಕೆ ಮಥಾಯಸ್ ಉತ್ತರ ಬರೆಯಲಿಲ್ಲ. ಸುಳ್ಳು ಹೇಳಲು ಬರುತ್ತಿರಲಿಲ್ಲ, ನಿಜ ಬರೆಯಲು ಕೈ ಏಳಲಿಲ್ಲ.

ಹೊರಡುವ ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ಬಿಡಲು ಇದಿನಬ್ಬ ಬಂದರು.

"ಪೊರ್ಬುಗಳೆ, ಊರಲ್ಲಿ ಇಳಿದು ಎಲ್ಲಿಗೆ ಹೋಗುದು?"

ಮಥಾಯಸ್ ಬಗ್ಗಿ ಪೆಟ್ಟಿಗೆಯ ಪಟ್ಟಿ ಬಿಗಿದರು. ಮೂವತ್ತೊಂದು ವರ್ಷ ಅವರು ಕಾದಿದ್ದು ಆ ಪ್ರಶ್ನೆಗಾಗಿಯೇ.

"ನನ್ನ ತಂಗಿ ಹ್ಯಾಝೆಲ್ ಮನೆಗೆ," ಐಡಾ ಹೇಳಿದಳು. "ಅವಳ ಮಗಳ ಮದುವೆ ತನಕ. ಮತ್ತೆ ಗೊತ್ತಿಲ್ಲ."

ಇದಿನಬ್ಬ ಎರಡು ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲಿಳಿದರು.

ಮಥಾಯಸ್ ಬಾಗಿಲು ಎಳೆದು ಬೀಗ ಹಾಕಿದರು. ಹಿಡಿಕೆಯ ಮೇಲಿನ ಕೈ ಅಲ್ಲೇ ಉಳಿಯಿತು. ಐಡಾ ಕೆಳಗಿನ ಮೆಟ್ಟಿಲಿಂದ ತಿರುಗಿ ನೋಡಿದಳು.

"ಬನ್ನಿ. ಎಷ್ಟು ಹೊತ್ತು ಹಿಡಿದುಕೊಂಡರೂ ಇದು ಬಾಡಿಗೆ ಮನೆ."

ಅವರು ಕೈ ಬಿಟ್ಟು, ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದರು.