ರಂಗೋಲಿ ಹಾಕಿದ ಹಲಗೆ

ವಿಜಯನಗರದ ಪಕ್ಕದ ನಮ್ಮ ಬೀದಿಯಲ್ಲಿ ಮಳೆಗಾಲಕ್ಕೆ ಮೊದಲು ಚರಂಡಿಯ ಹೂಳು ತೆಗೆಯಲು ಕಾರ್ಪೊರೇಷನ್ನಿನವರು ಬಂದರು. ಫುಟ್‌ಪಾತಿನ ಕಲ್ಲು ಚಪ್ಪಡಿಗಳನ್ನು ಎಬ್ಬಿಸಿದರು, ಹೂಳನ್ನು ಎತ್ತಿ ಅಲ್ಲೇ ಗುಡ್ಡೆ ಹಾಕಿದರು. ಒಳ್ಳೆಯ ಹಳೆಯ ಚಪ್ಪಡಿಗಳನ್ನೆಲ್ಲ ಲಾರಿಗೆ ಏರಿಸಿಕೊಂಡು ಹೊರಟರು. ಮೊದಲ ಮಳೆಗೆ ಹೂಳು ಮತ್ತೆ ಚರಂಡಿಗೇ ಹೋಯಿತು. ಚಪ್ಪಡಿ ಮಾತ್ರ ವಾಪಸು ಬರಲಿಲ್ಲ. ನಮ್ಮ ಗೇಟಿನ ಎದುರಿಗೇ ಎದೆಯುದ್ದದ ಹಳ್ಳ ಬಾಯಿ ತೆರೆದುಕೊಂಡು ಕೂತಿತು.

ಅದೇ ಹೊತ್ತಿಗೆ ನನ್ನ ಹೆಂಡತಿಗೆ ಮಂಡಿಯ ಆಪರೇಷನ್ ಆಗಿತ್ತು. ವಾಕರ್ ಹಿಡಿದು ದಿನಾ ಬೆಳಿಗ್ಗೆ ಹೊರಗೆ ನಡೆಯಲೇಬೇಕು, ಒಳಗೊಳಗೇ ತಿರುಗಾಡಿದರೆ ಸಾಲದು, ಮಂಡಿ ಬಿಗಿದುಕೊಂಡರೆ ಮತ್ತೆ ಬಿಡಿಸುವುದು ಕಷ್ಟ ಎಂದು ಡಾಕ್ಟರು ಎಚ್ಚರಿಸಿದ್ದರು. ನಾನು ಶಾಲೆಯಲ್ಲಿ ಡ್ರಿಲ್ ಮಾಸ್ತರಾಗಿದ್ದವನು. ವ್ಯಾಯಾಮ ತಪ್ಪಿಸುವುದನ್ನು ನಾನು ಯಾರಿಗೂ ಕ್ಷಮಿಸಿದವನಲ್ಲ. ಬೀದಿ ಕೊನೆಯ ಪಾರ್ಕಿನವರೆಗೆ ಹೋಗಿ ಬರುವುದು ಎಂದು ಇಬ್ಬರೂ ಸೇರಿ ನಿಗದಿ ಮಾಡಿದೆವು. ಆದರೆ ಗೇಟು ದಾಟುವುದು ಹೇಗೆ?

ನಮ್ಮ ಹಳೆಯ ಮಂಚದ ಹಲಗೆಯೊಂದನ್ನು ತಂದು ಹಳ್ಳದ ಮೇಲೆ ಹಾಕಿದೆ. ಕಾಲು ಗಟ್ಟಿ ಇದ್ದವರು ದಾಟಬಹುದಿತ್ತು. ವಾಕರ್ ಇಟ್ಟರೆ ಮಾತ್ರ ಅದು ತೊಟ್ಟಿಲಿನಂತೆ ತೂಗುತ್ತಿತ್ತು. ಹೆಂಡತಿ ಒಂದು ಸಲ ಪ್ರಯತ್ನಿಸಿ, ಬೆವತು, ಒಳಗೆ ಹೋಗಿ ಕೂತಳು. ನಾನು ಮೊಬೈಲಿನಲ್ಲಿ ಕಾರ್ಪೊರೇಷನ್ನಿಗೆ ದೂರು ದಾಖಲಿಸಿದೆ.

ಮುಂದಿನ ಶುಕ್ರವಾರ ಹೆಂಡತಿಗೆ ಇನ್ನೊಂದು ಚಿಂತೆ ಹತ್ತಿತು. ಬಾಗಿಲ ಮುಂದೆ ರಂಗೋಲಿ ಇಲ್ಲ. ಮಹಡಿಯ ಬಾಡಿಗೆ ಮನೆಯಾಕೆ, "ನೀವ್ ಕೂತಿರಿ ಆಂಟಿ, ನಾನ್ ಹಾಕ್ತೀನಿ" ಎಂದಳು. ಹಾಕಲು ನೆಲ ಎಲ್ಲಿದೆ? ಆಕೆ ಹಲಗೆಗೇ ಕೆಮ್ಮಣ್ಣು ಬಳಿದು, ಅದರ ಮೇಲೆ ಸೊಗಸಾದ ಎಳೆ ರಂಗೋಲಿ ಬಿಡಿಸಿದಳು. ಹಳ್ಳವೇ ಮರೆತುಹೋಗುವಷ್ಟು ಚೆನ್ನಾಗಿತ್ತು.

ಆ ಮಧ್ಯಾಹ್ನವೇ ಮೊಬೈಲಿಗೆ ಸಂದೇಶ ಬಂತು: ನಿಮ್ಮ ದೂರು ಪರಿಹಾರವಾಗಿದೆ. ಜೊತೆಗೊಂದು ಫೋಟೋ. ನಮ್ಮ ಗೇಟು, ನಮ್ಮ ಹಲಗೆ, ನಮ್ಮ ರಂಗೋಲಿ.

ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ವಾರ್ಡ್ ಆಫೀಸಿಗೆ ನಡೆದೆ. ಬೋರ್ಡು ಹೊಸದು, ಕುರ್ಚಿಗಳು ಹೊಸವು. ನಮ್ಮ ಬೀದಿಯನ್ನು ನೋಡಿಕೊಳ್ಳುವ ಇಂಜಿನಿಯರು ತನ್ನ ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದ.

"ಸ್ಲ್ಯಾಬ್ ಹಾಕಿದೀವಲ್ಲ ಸಾರ್. ನೋಡಿ, ಮೇಡಮ್ಮು ರಂಗೋಲಿ ಬೇರೆ ಹಾಕ್ಬಿಟ್ಟಿದಾರೆ."

"ಅದು ಮಂಚದ ಹಲಗೆ ಕಣಪ್ಪ."

"ಫೋಟೋದಲ್ಲಿ ಸ್ಲ್ಯಾಬ್ ಥರಾನೇ ಕಾಣ್ತಿದೆ."

"ಮದುವೆ ಆದಾಗಿಂದ ಅದರ ಮೇಲೇ ಮಲಗಿದೀನಿ. ನನ್ ಮಂಚ ನಂಗ್ ಗೊತ್ತಾಗಲ್ವಾ?"

ಪಕ್ಕದ ಮೇಜಿನವರು ನಕ್ಕರು. ಆತನೂ ನಕ್ಕ. "ಒಂದ್ಸಲ ಕ್ಲೋಸ್ ಆದ್ರೆ ಓಪನ್ ಮಾಡಕ್ಕಾಗಲ್ಲ ಸಾರ್. ಹೊಸದಾಗ್ ಇನ್ನೊಂದ್ ಹಾಕಿ, ನೋಡೋಣ."

"ನೀವು ಜಾಗಕ್ಕೆ ಬಂದಿದ್ರಾ?"

"ಬರ್ದೇ ಫೋಟೋ ಹೆಂಗ್ ಬರುತ್ತೆ ಸಾರ್? ಗಾಡಿ ಮೇಲಿಂದಾನೇ ಚೆನ್ನಾಗ್ ಕಾಣ್ತಿತ್ತು."

ಗಾಡಿಯಿಂದ ಇಳಿಯಲೂ ಇಲ್ಲ! ನನ್ನ ಮೈ ಉರಿದುಹೋಯಿತು. ನಾವು ಹಳ್ಳದ ಹೊಲಸನ್ನು ಮುಚ್ಚಿ ಅಂದ ಮಾಡಿದೆವು. ಆ ಅಂದವನ್ನೇ ಇವರು ತಮ್ಮ ಕೆಲಸವೆಂದು ಬರೆದುಕೊಂಡರು. ಬಾಗಿಲ ಮುಂದೆ ಚೊಕ್ಕವಾಗಿಟ್ಟುಕೊಳ್ಳುವ ನಮ್ಮ ಅಭ್ಯಾಸ ಅವರಿಗೆ ಅನುಕೂಲವಾಯಿತು, ನನ್ನ ಹೆಂಡತಿಗೆ ಗೃಹಬಂಧನವಾಯಿತು.

ಮರುದಿನ ಬೆಳಿಗ್ಗೆ ಹಲಗೆಯನ್ನು ಎತ್ತಿ ಒಳಗಿಟ್ಟೆ. ಹಳ್ಳ ತೆರೆದು ಬಿಟ್ಟು ಹೋಗುವಂತಿಲ್ಲ, ಯಾರಾದರೂ ಬಿದ್ದಾರು. ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅದರ ಪಕ್ಕದಲ್ಲೇ ಕೂತೆ. ಕೊರಳಿಗೆ ನನ್ನ ಹಳೆಯ ವಿಸಿಲ್.

"ನಿಮಗೇನ್ರೀ ಬಂತು? ಬೀದೀಲಿ ಮಾನ ಕಳೀತೀರಲ್ಲ," ಎಂದು ಹೆಂಡತಿ ಕಿಟಕಿಯಿಂದ ಕೂಗಿದಳು.

"ಮಾನ ಕಳೆದಿರೋದು ನಾನಲ್ಲ. ನೀನು ಕಾಫಿ ಕೊಡು."

ಮೊಬೈಲ್ ನೋಡುತ್ತಾ ಬರುವವರಿಗೆಲ್ಲ ವಿಸಿಲ್ ಊದಿ ಎಚ್ಚರಿಸಿದೆ. ಮಹಡಿಯಾಕೆಗೆ ಕೈ ಕೊಟ್ಟು ದಾಟಿಸಿದೆ. ಒಬ್ಬ ಯುವಕ ನಿಂತು, "ಏನ್ ಅಂಕಲ್, ಸ್ಟ್ರೈಕಾ?" ಎಂದ.

"ಅಲ್ಲಪ್ಪ, ಕಾವಲು. ಕೆಳಗ್ ನೋಡ್ಕೊಂಡ್ ನಡಿ."

ಬಿಸಿಲೇರಿದ ಮೇಲೆ ಅದೇ ಇಂಜಿನಿಯರು ಸ್ಕೂಟರಿನಲ್ಲಿ ಬಂದ. ನಮ್ಮ ಮನೆಗಲ್ಲ, ಬೀದಿಯ ಇನ್ಯಾವುದೋ ದೂರಿಗೆ. ಮೊಬೈಲ್ ಆಗಲೇ ಕೈಯಲ್ಲಿತ್ತು. ನಾನು ವಿಸಿಲ್ ಊದಿದೆ, ಮೈದಾನದ ಆ ತುದಿಗೆ ಕೇಳಿಸುವಂತೆ. ಆತ ಗಕ್ಕನೆ ಬ್ರೇಕು ಹಾಕಿದ.

"ಗಾಡಿ ಇಳೀರಿ," ಎಂದೆ.

"ಸಾರ್, ಅರ್ಜೆಂಟ್..."

"ಇಳೀರಿ!"

ಆತ ಇಳಿದ. ಎಲ್ಲೋ ಒಂದು ಶಾಲೆಯಲ್ಲಿ ಆತನೂ ಸಾಲಿನಲ್ಲಿ ನಿಂತವನೇ ಇರಬೇಕು. ಹಳ್ಳದ ಅಂಚಿಗೆ ಬಂದು ಬಗ್ಗಿ ನೋಡಿದ. ಕೆಳಗೆ ಕಪ್ಪು ನೀರು ನಿಂತಿತ್ತು. ಕಿಟಕಿಯಲ್ಲಿ ವಾಕರ್ ಹಿಡಿದು ನಿಂತಿದ್ದ ನನ್ನ ಹೆಂಡತಿಯನ್ನೂ ನೋಡಿದ. ಈ ಸಲ ಫೋಟೋ ತೆಗೆಯಲಿಲ್ಲ.

"ಇಷ್ಟು ಆಳ ಇದೆ ಅಂತ ಹೇಳ್ಬೇಕಿತ್ತು ಸಾರ್," ಎಂದ.

ನಾನು ಕುರ್ಚಿಯಿಂದ ಏಳಲಿಲ್ಲ.

ಮಾರನೆಯ ದಿನ ಸ್ಲ್ಯಾಬ್ ಬಂತು. ಹಳೆಯ ಚಪ್ಪಡಿಯ ಅರ್ಧ ದಪ್ಪವೂ ಇಲ್ಲದ ಕಾಂಕ್ರೀಟು. ಅಂಚು ಎದ್ದು ನಿಂತಿತ್ತು. ಗಾರೆ ಹಾಕಿ ಸಮ ಮಾಡುವವರೆಗೆ ನಾನು ಕೆಲಸದವರನ್ನು ಹೋಗಲು ಬಿಡಲಿಲ್ಲ. ಗಾರೆ ಒಣಗಿದ ಮೇಲೆ ಹೆಂಡತಿ ವಾಕರನ್ನು ಅದರ ಮೇಲಿಟ್ಟಳು, ಒತ್ತಿ ನೋಡಿದಳು, ದಾಟಿದಳು. ಮಹಡಿಯಾಕೆಗೆ, "ಇದರ ಮೇಲೆ ಸದ್ಯಕ್ಕೆ ರಂಗೋಲಿ ಬೇಡಮ್ಮ," ಎಂದು ಹೇಳಿ ಹೊರಟಳು.

ಪಾರ್ಕಿನ ತಿರುವಿನವರೆಗೂ ಚೆನ್ನಾಗಿಯೇ ನಡೆದಳು. ಅಲ್ಲಿ ನಿಂತಳು. ತಿರುವಿನಲ್ಲಿ ಅಡ್ಡಲಾಗಿ ಇನ್ನೊಂದು ಹಳ್ಳ, ಅದರೊಳಗೆ ಯಾರೋ ಪುಣ್ಯಾತ್ಮರು ನೆಟ್ಟ ಹೊಂಗೆ ಕೊಂಬೆ. ಪಾರ್ಕಿನ ಗೇಟು ಅದರಾಚೆ ಕಾಣುತ್ತಿತ್ತು.

ಅವಳು ಹಳ್ಳವನ್ನು ನೋಡಿದಳು, ಆಮೇಲೆ ನನ್ನನ್ನು.

"ಕುರ್ಚಿ ತಂದಿಲ್ವೇನ್ರೀ?"

ಅವಳನ್ನು ಮನೆ ಮುಟ್ಟಿಸಿ, ಕುರ್ಚಿ ಎತ್ತಿಕೊಂಡು ತಿರುವಿಗೆ ಬಂದೆ. ವಿಸಿಲ್ ಕೊರಳಲ್ಲೇ ಇತ್ತು.