ಹತ್ತಕ್ಕೆ ನಾಲ್ಕು

ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ನನಗೆ ಕತ್ತಿ ಹಾಕಿದ್ದು ಗೊತ್ತಾಯಿತೋ ಇಲ್ಲವೋ, ಖಚಿತವಾಗಿ ಹೇಳಲಾರೆ. ಒಂದು ವರ್ಷ ಕಾಲ ಗೊತ್ತಾಯಿತೆಂದೇ ಹೇಳಿಕೊಂಡು ಬಂದೆ. ಈಗ ಆ ಬೆಳಿಗ್ಗೆಯನ್ನು ನೆನೆಸಿಕೊಳ್ಳಲು ಕೂತರೆ ಸಿಗುವುದು ಇಷ್ಟೇ: ಕಾರವಾರದ ಆಸ್ಪತ್ರೆ, ಬೆನ್ನಿಗೆ ಚುಚ್ಚಿದ ಸೂಜಿ, ಸೊಂಟದ ಕೆಳಗೆ ಕಾಲುಗಳೇ ಇಲ್ಲದಂತಾದದ್ದು, ಎದೆಯ ಮುಂದೆ ಕಟ್ಟಿದ ಹಸಿರು ಬಟ್ಟೆ, ಅದರಾಚೆ ವೈದ್ಯರ ಮಾತು. ಹೊಟ್ಟೆಯ ಹತ್ತಿರ ಏನೋ ಎಳೆದಂತಾದದ್ದೂ ನೆನಪಿದೆ. ಕತ್ತಿ ಮಾತ್ರ ಮೇಜಿನ ಮೇಲೆ ಸಿಕ್ಕಿದ್ದೋ, ಆಮೇಲೆ ಅಕ್ಕನ ಜಗುಲಿಯಲ್ಲಿ ಕೂತು ನಾನೇ ಸೇರಿಸಿದ್ದೋ ತಿಳಿಯದು.

ನಮ್ಮದು ಮೀನುಗಾರರ ಮನೆ. ಅಕ್ಕ ಇಂದಿಗೂ ಅಂಕೋಲೆ ಪೇಟೆಯಲ್ಲಿ ಮೀನು ಮಾರುತ್ತಾಳೆ. ನಾನು ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಕಾರವಾರದ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಹರ್ನಿಯಾ ಶಸ್ತ್ರಚಿಕಿತ್ಸೆಯಾದ ಮೇಲೆ ಎರಡು ವಾರ ಅವಳ ಮನೆಯಲ್ಲೇ ಇದ್ದೆ. ನೋಡಲು ಬಂದವರಿಗೆಲ್ಲ ಕಥೆ ಹೇಳಿದೆ. ಮೊದಲ ದಿನ ಬರೀ ಎಳೆತವಿತ್ತೆಂದು ಕಾಣುತ್ತದೆ. ಅದನ್ನು ಕೇಳಿದವರು ಎಳನೀರಿನ ಬುಂಡೆ ಕೆಳಗಿಟ್ಟು ಎದ್ದು ಹೋದರು. ಯಾವ ದಿನ ಕತ್ತಿ ಬಂತೋ, ಆ ದಿನದಿಂದ ಜನ ಇನ್ನೊಂದು ಗಳಿಗೆ ಕೂರತೊಡಗಿದರು. ಸಂಜೆಯೆಲ್ಲ ನೋವಿನಲ್ಲಿ ಮಂಚದ ಕಂಬಿ ಹಿಡಿದು ಮಲಗಿದ್ದೆ, ಮಾತ್ರೆಯೊಂದನ್ನು ಕೊಟ್ಟು ಸುಮ್ಮನಾದರು ಎಂದೂ ಸೇರಿಸುತ್ತಿದ್ದೆ. ನೋವಂತೂ ಸುಳ್ಳಲ್ಲ. ಆಸ್ಪತ್ರೆಯಿಂದ ಹೊರಡುವಾಗ ಅಭಿಪ್ರಾಯ ಕೇಳುವ ಹಾಳೆಯಲ್ಲಿ 'ತೃಪ್ತಿಕರವಲ್ಲ' ಎಂಬಲ್ಲಿ ಗುರುತು ಹಾಕಿದ್ದೆ, ಅಥವಾ ಹಾಕಬೇಕೆಂದುಕೊಂಡು 'ಸಾಧಾರಣ'ಕ್ಕೆ ಹಾಕಿ ಬಂದಿದ್ದೆ. ಅದೂ ಈಗ ಗಟ್ಟಿಯಿಲ್ಲ.

ಒಳಗೆ ಮೀನು ಹೆಚ್ಚುತ್ತ ಅಕ್ಕ ಅದನ್ನೆಲ್ಲ ಕೇಳಿಸಿಕೊಂಡಿದ್ದಳು. ಅವಳ ಹೊಕ್ಕುಳ ಹತ್ತಿರವೂ ಆಗಲೇ ಲಿಂಬೆಹಣ್ಣಿನಷ್ಟು ಗಂಟು ಎದ್ದಿತ್ತೆಂಬುದು ನನಗೆ ತಿಳಿದದ್ದು ಒಂದು ವರ್ಷದ ಮೇಲೆ. ಅದೂ ಹರ್ನಿಯಾವೇ. ಬುಟ್ಟಿ ಎತ್ತುವಾಗ ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿಯುತ್ತಿದ್ದಳು. ಕರುಳು ಸಿಕ್ಕಿಕೊಂಡರೆ ಜೀವಕ್ಕೆ ಅಪಾಯ, ಬೇಗ ಕೊಯ್ಸಿಕೊಳ್ಳಿ ಎಂದು ಅಂಕೋಲೆಯ ವೈದ್ಯರು ಹೇಳಿದ್ದರು. ಅವಳು ಹೂಂ ಎಂದು ಮನೆಗೆ ಬಂದು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡಳು.

ಕಳೆದ ವರ್ಷ ಒಂದು ಮಧ್ಯಾಹ್ನ ಎಷ್ಟು ಒತ್ತಿದರೂ ಗಂಟು ಒಳಗೆ ಹೋಗದೆ, ಅವಳು ಪೇಟೆಯಲ್ಲೇ ಬೆವತು ಕೂತಳಂತೆ. ಅರ್ಧ ಗಂಟೆಯ ಮೇಲೆ ತಾನಾಗಿಯೇ ಹೋಯಿತಂತೆ. ಸುದ್ದಿ ಸಿಕ್ಕಿದ್ದೇ ಬಸ್ಸು ಹತ್ತಿದೆ. ಸೀಟು ಖಾಲಿಯಿದ್ದರೂ ಕೂರಲಾಗಲಿಲ್ಲ. ಬಾಳೆಗುಳಿಯಲ್ಲಿ ಇಳಿದು ಅವಳ ಮನೆಗೆ ಹೆಚ್ಚುಕಡಿಮೆ ಓಡಿದೆ. ಅವಳು ಹಿತ್ತಲಲ್ಲಿ ಬುಟ್ಟಿ ತೊಳೆಯುತ್ತಿದ್ದಳು.

ಯಾಕೆ ಕೊಯ್ಸಿಕೊಂಡಿಲ್ಲ ಎಂದು ಕೇಳಿದೆ.

"ನೀನೇ ಹೇಳಿದ್ಯಲ್ಲ ತಮ್ಮಾ, ಕತ್ತಿ ಹಾಕೂದು ಗೊತ್ತಾಗ್ತದೆ ಅಂತ. ಕಲಿತವ ಸುಳ್ಳು ಹೇಳೂದಿಲ್ಲ ಅಂದ್ಕಂಡೆ."

"ನನಗೀಗ ಅದು ಖಾತ್ರಿ ಇಲ್ಲ ಅಕ್ಕಾ."

"ಖಾತ್ರಿ ಇಲ್ದಿದ್ದು ಊರಿಗೆಲ್ಲ ಹೇಳಿದ್ಯಾ?"

ಹಿತ್ತಲಲ್ಲಿ ಅತ್ತಿಂದಿತ್ತ ನಡೆದಾಡಿದೆ. ಇಷ್ಟು ದಿನ ಯಾರಿಗೂ ಹೇಳದ ಒಂದು ಮಾತು ಆಗ ಹೇಳಬೇಕಾಯಿತು. ಆ ಸಂಜೆ ಬೆನ್ನಿನ ಮದ್ದಿನ ಪ್ರಭಾವ ಇಳಿದು ನೋವು ಏರುತ್ತಿದ್ದಾಗ ನರ್ಸ್ ಬಂದು, ನೋವು ಹತ್ತಕ್ಕೆ ಎಷ್ಟು ಎಂದು ಕೇಳಿದ್ದಳು. ಪ್ರಯೋಗ ಪರೀಕ್ಷೆಯಲ್ಲಿ ನಾನು ಎಂಥ ಜಾಣನಿಗೂ ಹತ್ತಕ್ಕೆ ಏಳಕ್ಕಿಂತ ಹೆಚ್ಚು ಕೊಟ್ಟವನಲ್ಲ. ಹತ್ತು ಎಂದರೆ ಏನು, ಯಾವುದಕ್ಕೆ ಹೋಲಿಸಿ, ಇದಕ್ಕಿಂತ ಜೋರಾದದ್ದು ಮುಂದೆ ಬಂದರೆ ಏನು ಹೇಳುವುದು ಎಂದೆಲ್ಲ ಯೋಚಿಸಿ ನಾಲ್ಕು ಎಂದಿದ್ದೆ. ಅಷ್ಟಕ್ಕೆ ತಕ್ಕ ಮಾತ್ರೆ ಕೊಟ್ಟು ಅವಳು ಹೋಗಿದ್ದಳು. ಅಥವಾ ಹಾಗೆಂದು ನನ್ನ ನೆನಪು.

"ಖರೆ ಎಷ್ಟಿತ್ತು?" ಎಂದಳು ಅಕ್ಕ.

"ಎಂಟು. ಒಂಬತ್ತೂ ಇರಬಹುದು."

ಅವಳು ಬುಟ್ಟಿಯನ್ನು ಬೋರಲು ಹಾಕಿ ನಕ್ಕಳು. ಗಂಟು ನೋಯಿತೆಂದು ಕಾಣುತ್ತದೆ, ನಗುತ್ತಲೇ ಕೈ ಹೊಟ್ಟೆಗೆ ಹೋಯಿತು. "ಮೀನು ತಕಂಬಕೆ ಬಂದವ್ರಂಗೆ ಚೌಕಾಸಿ ಮಾಡಿದ್ಯಲ್ಲ ಮಾರಾಯಾ, ನಿನ್ನ ನೋವಿಗೇ. ನಾ ಮಾರೂಕೆ ಕೂತವ್ಳು. ಹತ್ತು ಅಂತೇ ಹೇಳ್ತೆ. ಇಳಿಸೂದು ಅವ್ರ ಕೆಲ್ಸ."

ಅಷ್ಟಕ್ಕೇ ಒಪ್ಪಿದಳೆಂದಲ್ಲ. ಕತ್ತಿಯ ವಿಷಯ ಇನ್ನೂ ಉಳಿದಿತ್ತು. ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಅರಿವಳಿಕೆಯ ವೈದ್ಯೆಯ ಮುಂದೆ ನನ್ನ ಕಡೆ ಬೆರಳು ತೋರಿಸಿ, ಇವನಿಗೆ ಕತ್ತಿ ಗೊತ್ತಾಯಿತಂತೆ, ಹೌದೋ ಎಂದು ಕೇಳಿಯೇಬಿಟ್ಟಳು. ವೈದ್ಯೆ ನನ್ನನ್ನು ನೋಡಿ ನಗಲಿಲ್ಲ. ಮುಟ್ಟಿದ್ದು, ಎಳೆದದ್ದು ಕೆಲವರಿಗೆ ತಿಳಿಯುತ್ತದೆ, ನೋವು ತಿಳಿಯಬಾರದು, ತಿಳಿದರೆ ಆಗಲೇ ಹೇಳಿ, ನಾನು ನಿಮ್ಮ ತಲೆಯ ಹತ್ತಿರವೇ ಕೂತಿರುತ್ತೇನೆ, ಅದಕ್ಕೂ ಮದ್ದಿದೆ ಎಂದರು. ಇದೇ ಮಾತನ್ನು ನನಗೂ ಹೇಳಿದ್ದರೇ? ಹೇಳಿರಬೇಕು. ಸಹಿ ಹಾಕುವ ಕಾಗದದ ಸಣ್ಣ ಅಕ್ಷರಗಳಲ್ಲಿ ತಪ್ಪು ಹುಡುಕುತ್ತ ಕೂತಿದ್ದೆನಾಗಿ ಕಿವಿಗೆ ಬಿದ್ದಿರಲಾರದು.

"ತಲೆ ಹತ್ರ ಕೂತ್ಕಂಬೂದು ಖರೆಯಾ?" ಎಂದು ಅಕ್ಕ ಎರಡು ಸಲ ಕೇಳಿದಳು. ಖರೆ ಎಂದರು. ಆಮೇಲೆ ಸಹಿ ಹಾಕಿದಳು.

ಅವಳು ಒಳಗಿದ್ದಷ್ಟು ಹೊತ್ತು ನಾನು ಕಾರಿಡಾರಿನಲ್ಲಿ ಎಷ್ಟು ಸುತ್ತು ಹಾಕಿದೆನೆಂದರೆ, ಕಾವಲಿನವನು ಕುರ್ಚಿ ತಂದಿಟ್ಟ. ಹೊರಗೆ ಬಂದಾಗ ಅವಳ ಮುಖ ಶಾಂತವಾಗಿತ್ತು. ಯಾರೋ ಸೀರೆಯ ನೆರಿಗೆ ಜಗ್ಗಿದಂತಾಯಿತು, ಅಷ್ಟೇ ಎಂದಳು. ಕತ್ತಿಯ ಹೆಸರನ್ನೇ ಎತ್ತಲಿಲ್ಲ. ಸಂಜೆ ನರ್ಸ್ ಕೇಳಿದಾಗ ಸ್ಪಷ್ಟವಾಗಿ ಹತ್ತು ಎಂದಳು. ಇಂಜೆಕ್ಷನ್ ಬಂತು. ಅರ್ಧ ಗಂಟೆಯ ಮೇಲೆ ಮತ್ತೆ ಕೇಳಿದರು. "ಮೂರಕ್ಕೆ ಇಳಿತು ನೋಡು," ಎಂದು ನರ್ಸಿಗಲ್ಲ, ನನಗೆ ಹೇಳಿ ಕಣ್ಣು ಮುಚ್ಚಿದಳು.

ಅವಳು ಈಗ ಪೇಟೆಗೆ ಹೋಗುತ್ತಾಳೆ, ದೊಡ್ಡ ಬುಟ್ಟಿಯನ್ನು ಬೇರೆಯವರು ಎತ್ತುತ್ತಾರೆ. ನನ್ನ ಮಾತು ನಂಬಿ ಗಂಟು ಒತ್ತಿ ಹಿಡಿದೇ ಅವಳು ಕಳೆದ ಆ ಒಂದು ವರ್ಷ ಮಾತ್ರ ನನ್ನ ತಲೆಯಿಂದ ಹೋಗದು. ಆ ಅರ್ಧ ಗಂಟೆ ಒಂದು ಗಂಟೆಯಾಗಿದ್ದರೆ ಏನಾಗುತ್ತಿತ್ತೆಂದು ಲೆಕ್ಕ ಹಾಕುತ್ತ ಇರುತ್ತೇನೆ.

ಅವಳನ್ನು ಮನೆಗೆ ಬಿಟ್ಟ ಮರುವಾರ ಆಸ್ಪತ್ರೆಯ ದಾಖಲೆ ಕೋಣೆಗೆ ಅರ್ಜಿ ಕೊಟ್ಟೆ, ನನ್ನ ಹಳೆಯ ಕಡತಕ್ಕಾಗಿ. ಗುಮಾಸ್ತರು ಹುಡುಕಿ, ಜೆರಾಕ್ಸ್ ಮಾಡಿಸಿ ಕೊಟ್ಟರು. ಕತ್ತಿಯ ವಿಷಯ ಆ ಹಾಳೆಗಳಲ್ಲಿ ಎಲ್ಲೂ ಇಲ್ಲ. ಅದು ಎಂದಿಗೂ ತೀರ್ಮಾನವಾಗದು. ನರ್ಸ್ ಬರೆದ ಪುಟದಲ್ಲಿ ನಾಡಿ, ರಕ್ತದೊತ್ತಡಗಳ ಪಕ್ಕದಲ್ಲಿ ನೋವಿನ ಸಾಲಿದೆ. ಅದರಲ್ಲಿ ಸಂಜೆ ನಾಲ್ಕು ಗಂಟೆಗೆ ನಾಲ್ಕು, ಐದು ಗಂಟೆಗೆ ನಾಲ್ಕು, ಆರು ಗಂಟೆಗೂ ನಾಲ್ಕು.